ಮೆಮೊರಿಯ ಕೀಲಿಕೈ ಯಾರ ಕೈಯಲ್ಲಿ? ಗ್ರಾಫಿಕ್ಸ್ ಡ್ರೈವರ್ ಮತ್ತು ಐದು ಫಂಕ್ಷನ್‌ಗಳ ಕರಾರು

ಗಣಕದಲ್ಲೋ ಮೊಬೈಲಿನಲ್ಲೋ ಆಟವೊಂದು ಸರಾಗವಾಗಿ ಓಡುತ್ತಿದ್ದು, ಇದ್ದಕ್ಕಿದ್ದಂತೆ ಕ್ಷಣಕಾಲ ಮುಗ್ಗರಿಸುವುದನ್ನು ಕಾಣದವರು ವಿರಳ. ಸೆಕೆಂಡಿಗೆ 60 ಚಿತ್ರಗಳು ಪರದೆಯ ಮೇಲೆ ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲಾವಕಾಶ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಹಳೆಯ ಚಿತ್ರವೇ ಇನ್ನೊಂದು ಸುತ್ತು ನಿಲ್ಲುತ್ತದೆ, ಕಣ್ಣು ಅದನ್ನು ಗುರುತಿಸುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಳಕೆದಾರರ ಕಣ್ಣಿಗೆ ಎಂದೂ ಬೀಳದಂಥದ್ದು: ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ ತನ್ನ ಕೆಲಸಕ್ಕೆ ಬೇಕಾದ ಮೆಮೊರಿಯನ್ನು ಯಾರಿಂದ, ಹೇಗೆ, ಯಾವ ಮಾತಿನಲ್ಲಿ ಕೇಳಿ ಪಡೆಯುತ್ತದೆ ಎಂಬುದು.

ಆ 'ಕೇಳುವ ಮಾತನ್ನು' ನಿಗದಿಪಡಿಸುವ ಕರಾರಿಗೆ ತಂತ್ರಜ್ಞರು ಅಲೊಕೇಟರ್ ಇಂಟರ್‌ಫೇಸ್ ಎನ್ನುತ್ತಾರೆ. ಕೆಲವೇ ಸಾಲುಗಳ ಈ ಕರಾರನ್ನು ಒಮ್ಮೆ ಪ್ರಕಟಿಸಿದ ಮೇಲೆ ತಿದ್ದುವುದು ಹೆಚ್ಚುಕಡಿಮೆ ಅಸಾಧ್ಯ. ಅದರಲ್ಲಿ ಸೇರಿಸಿದ ಒಂದು ವಿವರ ಅಥವಾ ಬಿಟ್ಟುಬಿಟ್ಟ ಒಂದು ವಿವರ ವರ್ಷಗಟ್ಟಲೆ ಸಾವಿರಾರು ಪ್ರೋಗ್ರಾಮರ್‌ಗಳ ಕೆಲಸವನ್ನು ನಿರ್ಧರಿಸುತ್ತದೆ. ಎಎಂಡಿ, ಇಂಟೆಲ್, ಎನ್ವಿಡಿಯಾ, ಆರ್ಮ್, ಕ್ವಾಲ್ಕಾಮ್ ಮೊದಲಾದ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿಯೇ ಇರುವುದರಿಂದ ಚಿಪ್ ಮತ್ತು ಡ್ರೈವರ್ ಲೋಕದವರು ನಮ್ಮ ಓದುಗರಿಗೆ ಅಪರಿಚಿತರೇನಲ್ಲ. ಅವರ ಕೆಲಸ ಮಾತ್ರ ಅಪರಿಚಿತ.

ಉಗ್ರಾಣದ ಲೆಕ್ಕ

ಡ್ರೈವರ್ ಎಂದರೆ ಅನ್ವಯ ತಂತ್ರಾಂಶಕ್ಕೂ ಗ್ರಾಫಿಕ್ಸ್ ಚಿಪ್‌ಗೂ ನಡುವೆ ನಿಂತ ದುಭಾಷಿ. 'ಈ ತ್ರಿಕೋನಗಳನ್ನು ಈ ಬಣ್ಣದಲ್ಲಿ ಬಿಡಿಸು' ಎಂದು ಆಟ ಹೇಳಿದರೆ ಅದನ್ನು ಚಿಪ್‌ಗೆ ಅರ್ಥವಾಗುವ ಆದೇಶಗಳಾಗಿ ಪರಿವರ್ತಿಸುವುದು ಅದರ ಕೆಲಸ. ಇದಕ್ಕೆ ಎರಡು ಬಗೆಯ ಮೆಮೊರಿ ಬೇಕು. ಚಿತ್ರಗಳು, ಆಕೃತಿಗಳು ಮುಂತಾಗಿ ಚಿಪ್ ನೇರವಾಗಿ ಓದುವ ಸಾಮಗ್ರಿಗಾಗಿ ಸಾಧನದ ಮೆಮೊರಿ ಒಂದು. ಡ್ರೈವರ್ ತನ್ನದೇ ಪಟ್ಟಿ, ಲೆಕ್ಕ, ಟಿಪ್ಪಣಿಗಳನ್ನು ಇಟ್ಟುಕೊಳ್ಳಲು ಗಣಕದ ಸಾಮಾನ್ಯ ಮೆಮೊರಿ ಇನ್ನೊಂದು. ಮೊದಲು ಈ ಎರಡನೆಯದನ್ನು ನೋಡೋಣ, ಏಕೆಂದರೆ ಕರಾರಿನ ಸ್ವಾರಸ್ಯವಿರುವುದು ಅಲ್ಲಿ.

ಸಿ ಭಾಷೆಯಲ್ಲಿ ಮೆಮೊರಿ ಕೇಳಲು 'ಮ್ಯಾಲಕ್', ಮರಳಿಸಲು 'ಫ್ರೀ' ಎಂಬ ಎರಡು ಫಂಕ್ಷನ್‌ಗಳಿವೆ. ಇಷ್ಟು ಬೈಟ್ ಕೊಡು ಎಂದರೆ ಮ್ಯಾಲಕ್ ಒಂದು ವಿಳಾಸ ಕೊಡುತ್ತದೆ. ಆ ವಿಳಾಸವನ್ನು ಫ್ರೀಗೆ ಒಪ್ಪಿಸಿದರೆ ಜಾಗ ಮರಳಿತು. ಇದನ್ನು ಮದುವೆ ಮನೆಯ ಉಗ್ರಾಣಕ್ಕೆ ಹೋಲಿಸಬಹುದು. ಅಡುಗೆಯವರು ಬಂದು 'ಹತ್ತು ಸೇರು ಅಕ್ಕಿ' ಎನ್ನುತ್ತಾರೆ, ಉಗ್ರಾಣದವರು ಅಳೆದು ಕೊಡುತ್ತಾರೆ. ಅದು ಬೆಳಗಿನ ತಿಂಡಿಗೋ ಮಧ್ಯಾಹ್ನದ ಊಟಕ್ಕೋ, ಈಗಲೇ ಬೇಯಿಸುವುದಕ್ಕೋ ನಾಳೆಗೆ ನೆನೆಹಾಕುವುದಕ್ಕೋ ಎಂಬುದು ಉಗ್ರಾಣದವರಿಗೆ ತಿಳಿಯದು. ತಿಳಿದಿದ್ದರೆ ಬೇರೆ ಬೇರೆ ಪಾತ್ರೆಗಳಲ್ಲಿ ಮೊದಲೇ ಅಳೆದಿಟ್ಟು ಕ್ಷಣದಲ್ಲಿ ಕೊಟ್ಟುಬಿಡಬಹುದಿತ್ತು.

ಮ್ಯಾಲಕ್‌ನ ಸ್ಥಿತಿಯೂ ಅದೇ. ಯಾರಿಗಾದರೂ, ಯಾವುದಕ್ಕಾದರೂ ಕೊಡಬೇಕಾದ್ದರಿಂದ ಅದು ಎಲ್ಲರಿಗೂ ಸಾಧಾರಣವಾಗಿ ಒಗ್ಗುತ್ತದೆ, ಯಾರಿಗೂ ಪೂರ್ಣವಾಗಿ ಒಗ್ಗುವುದಿಲ್ಲ. ಕ್ಷಣಾರ್ಧ ಬಾಳುವ ತುಣುಕೂ ಗಂಟೆಗಟ್ಟಲೆ ಉಳಿಯುವ ತುಣುಕೂ ಅಕ್ಕಪಕ್ಕ ಬಿದ್ದು, ಮೊದಲಿನವು ಖಾಲಿಯಾದ ಮೇಲೆ ನಡುನಡುವೆ ಉಪಯೋಗಕ್ಕೆ ಬಾರದ ಸಣ್ಣ ಬಿರುಕುಗಳು ಉಳಿಯುತ್ತವೆ. ಒಟ್ಟು ಖಾಲಿ ಜಾಗ ಸಾಕಷ್ಟಿದ್ದರೂ ಒಂದೇ ಕಡೆ ಬೇಕಾದಷ್ಟು ಸಿಗದು. ಹಲವು ಥ್ರೆಡ್‌ಗಳು ಏಕಕಾಲಕ್ಕೆ ಕೇಳಿದರೆ ಸರದಿಗಾಗಿ ಕಾಯಬೇಕಾಗಿಯೂ ಬರಬಹುದು. ಸಾಮಾನ್ಯ ತಂತ್ರಾಂಶಕ್ಕೆ ಇದು ಲೆಕ್ಕಕ್ಕಿಲ್ಲ. 16.7 ಮಿಲಿಸೆಕೆಂಡಿನ ಗಡಿಯೊಳಗೆ ಬದುಕುವವರಿಗೆ ಲೆಕ್ಕಕ್ಕಿದೆ. ಆಟದ ಕನ್ಸೋಲ್‌ಗಳಿಗೆ ತಂತ್ರಾಂಶ ಬರೆದವರಿಗಂತೂ ಈ ಜಿಪುಣತನ ರಕ್ತಗತ. 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಯಂತ್ರದಲ್ಲಿ ಮುಖ್ಯ ಮೆಮೊರಿ 256 ಎಂಬಿ, ಗ್ರಾಫಿಕ್ಸ್‌ಗೆಂದು ಪ್ರತ್ಯೇಕ 256 ಎಂಬಿ ಮಾತ್ರ ಇತ್ತು. ಅಂಥಲ್ಲಿ ಪ್ರತಿಯೊಂದು ವಿಭಾಗಕ್ಕೂ ಮೆಮೊರಿಯ ಬಜೆಟ್ ಹಾಕಿ ಬಿಗಿಯಾಗಿ ಪಾಲಿಸುವುದು ರೂಢಿಯಾಯಿತು.

ಹಳೆಯ ಪದ್ಧತಿ, ಹೊಸ ಪದ್ಧತಿ

1992ರಲ್ಲಿ ಬಂದ ಓಪನ್‌ಜಿಎಲ್ ಗ್ರಾಫಿಕ್ಸ್ ಮಾನಕದಲ್ಲಿ ಮೆಮೊರಿಯ ಮಾತೇ ಅನ್ವಯದ ತನಕ ಬರುತ್ತಿರಲಿಲ್ಲ. ಚಿತ್ರವನ್ನು ಕೊಟ್ಟರೆ ಸಾಕು, ಎಲ್ಲಿ ಇಡಬೇಕು, ಯಾವಾಗ ಸಾಗಿಸಬೇಕು, ಯಾವಾಗ ತೆಗೆಯಬೇಕು ಎಂಬುದೆಲ್ಲ ಡ್ರೈವರ್‌ನ ಹೊಣೆ. ಕಲಿಯುವವರಿಗೆ ಇದು ವರದಾನವೇ. ಆದರೆ ಡ್ರೈವರ್ ಒಳಗೆ ಯಾವ ಕ್ಷಣದಲ್ಲಿ ಏನು ನಡೆಯುತ್ತದೆಂದು ಆಟ ಬರೆದವರಿಗೆ ಗೊತ್ತಾಗುತ್ತಿರಲಿಲ್ಲ. ಮುಗ್ಗರಿಕೆ ಕಂಡುಬಂದಾಗ ಹುಡುಕಲು ದಾರಿಯೂ ಇರುತ್ತಿರಲಿಲ್ಲ.

2013ರಲ್ಲಿ ಎಎಂಡಿ ಕಂಪನಿ ಮ್ಯಾಂಟಲ್ ಎಂಬ ಹೊಸ ವ್ಯವಸ್ಥೆಯನ್ನು ಪ್ರಕಟಿಸಿ, ಈ ಹೊಣೆಯ ಬಹುಪಾಲನ್ನು ಅನ್ವಯದ ಕೈಗೆ ಕೊಟ್ಟಿತು. ಅದರ ತಳಹದಿಯ ಮೇಲೆ ಕ್ರೋನೊಸ್ ಗ್ರೂಪ್ ಎಂಬ ಮಾನಕ ಸಂಸ್ಥೆ ರೂಪಿಸಿದ್ದೇ ವಲ್ಕನ್. ಅದರ 1.0 ಆವೃತ್ತಿ ಹೊರಬಂದದ್ದು 2016ರ ಫೆಬ್ರವರಿ 16ರಂದು. ಇಂದಿನ ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ವಿಂಡೋಸ್, ಲಿನಕ್ಸ್ ಗಣಕಗಳವರೆಗೆ ವಲ್ಕನ್ ಬಳಕೆಯಲ್ಲಿದೆ. ಡ್ರೈವರ್ ತನಗೆ ಬೇಕಾದ ಸಾಮಾನ್ಯ ಮೆಮೊರಿಯನ್ನೂ ಅನ್ವಯದಿಂದಲೇ ಕೇಳಿ ಪಡೆಯಬಹುದು ಎಂಬ ಏರ್ಪಾಡು ಅದರಲ್ಲಿದೆ. ಇದೇ ನಾವು ನೋಡಹೊರಟ ಕರಾರು.

ಏರ್ಪಾಡು ಹೀಗಿದೆ. ಅನ್ವಯವು ಐದು ಫಂಕ್ಷನ್‌ಗಳ ವಿಳಾಸಗಳನ್ನೂ ಒಂದು ಖಾಸಗಿ ಪಾಯಿಂಟರನ್ನೂ ಡ್ರೈವರ್‌ಗೆ ಒಪ್ಪಿಸುತ್ತದೆ. ಮೊದಲನೆಯದು ಮೆಮೊರಿ ಕೊಡಲು, ಎರಡನೆಯದು ಕೊಟ್ಟದ್ದನ್ನು ಹಿಗ್ಗಿಸಲು ಅಥವಾ ಕುಗ್ಗಿಸಲು, ಮೂರನೆಯದು ಮರಳಿ ಪಡೆಯಲು. ಉಳಿದೆರಡು ಕೇವಲ ವರದಿಗಾಗಿ: ಡ್ರೈವರ್ ಅನಿವಾರ್ಯವಾಗಿ ತಾನೇ ಬೇರೆ ಕಡೆಯಿಂದ ಮೆಮೊರಿ ತೆಗೆದುಕೊಂಡಾಗ, ಉದಾಹರಣೆಗೆ ಪ್ರೊಸೆಸರ್ ನೇರವಾಗಿ ನಡೆಸಬಲ್ಲ ಸಂಕೇತವನ್ನು ಇಡಲು ವಿಶೇಷ ಜಾಗ ಬೇಕಾದಾಗ, 'ಇಷ್ಟು ತೆಗೆದುಕೊಂಡೆ', 'ಇಷ್ಟು ಮರಳಿಸಿದೆ' ಎಂದು ತಿಳಿಸುತ್ತದೆ. ಡ್ರೈವರ್ ಆ ಖಾಸಗಿ ಪಾಯಿಂಟರನ್ನು ಬಿಚ್ಚಿ ನೋಡುವುದಿಲ್ಲ, ಪ್ರತಿ ಕರೆಯಲ್ಲೂ ಹಾಗೆಯೇ ಹಿಂದಿರುಗಿಸುತ್ತದೆ. ಇದರಿಂದ ಒಂದೇ ಫಂಕ್ಷನ್ ಬೇರೆ ಬೇರೆ ಉಗ್ರಾಣಗಳನ್ನು ನೋಡಿಕೊಳ್ಳಬಹುದು. ಸಣ್ಣ ಸಂಗತಿಯೆನಿಸಿದರೂ ಇದಿಲ್ಲದಿದ್ದರೆ ಎಲ್ಲ ಲೆಕ್ಕವನ್ನೂ ಜಾಗತಿಕ ಚರಾಂಕಗಳಲ್ಲಿ ಇಡಬೇಕಾಗುತ್ತಿತ್ತು.

ಮೆಮೊರಿ ಕೇಳುವಾಗ ಡ್ರೈವರ್ ಮೂರು ವಿವರ ಕೊಡುತ್ತದೆ. ಗಾತ್ರ ಎಷ್ಟು, ವಿಳಾಸ ಯಾವ ಸಂಖ್ಯೆಯ ಗುಣಕವಾಗಿರಬೇಕು ಮತ್ತು ಬಾಳಿಕೆ ಎಷ್ಟು ಕಾಲ. ಎರಡನೆಯದನ್ನು ಅಲೈನ್‌ಮೆಂಟ್ ಎನ್ನುತ್ತಾರೆ. ಕೆಲವು ದತ್ತಾಂಶಗಳು 16 ಅಥವಾ 64ರ ಗುಣಕದ ವಿಳಾಸದಲ್ಲಿದ್ದರೆ ಮಾತ್ರ ಪ್ರೊಸೆಸರ್ ಅವನ್ನು ಸರಿಯಾಗಿ ಅಥವಾ ವೇಗವಾಗಿ ಓದಬಲ್ಲದು. ಬಾಳಿಕೆಯ ವಿವರವೇ ಈ ಕರಾರಿನ ನಿಜವಾದ ಜಾಣ್ಮೆ. ಇದರಲ್ಲಿ ಐದು ದರ್ಜೆಗಳಿವೆ: ಈ ಒಂದು ಆದೇಶ ಮುಗಿಯುವವರೆಗೆ, ಈ ವಸ್ತು ಇರುವವರೆಗೆ, ಈ ಸಂಗ್ರಹ ಇರುವವರೆಗೆ, ಈ ಸಾಧನದ ಸಂಪರ್ಕ ಇರುವವರೆಗೆ, ಇಡೀ ವಲ್ಕನ್ ಬಳಕೆ ಮುಗಿಯುವವರೆಗೆ. ಅಡುಗೆಯವರು ಅಕ್ಕಿಯ ಜೊತೆಗೆ ಅದು ಯಾವ ಹೊತ್ತಿನ ಊಟಕ್ಕೆ ಎಂಬುದನ್ನೂ ಹೇಳಿದಂತಾಯಿತು. 'ಈ ಆದೇಶ ಮುಗಿಯುವವರೆಗೆ' ಎಂಬ ದರ್ಜೆಯ ತುಣುಕುಗಳನ್ನು ಒಂದು ಉದ್ದನೆಯ ಪಟ್ಟಿಯಲ್ಲಿ ಸಾಲಾಗಿ ಜೋಡಿಸುತ್ತ ಹೋಗಿ, ಆದೇಶ ಮುಗಿದೊಡನೆ ಗುರುತನ್ನು ಮೊದಲಿನ ಜಾಗಕ್ಕೆ ತಂದರೆ ಸಾಕು, ಹುಡುಕಾಟವಿಲ್ಲ, ಬಿರುಕೂ ಉಳಿಯುವುದಿಲ್ಲ.

ಬಿಟ್ಟುಹೋದ ಒಂದು ಸಂಖ್ಯೆ

ಇಷ್ಟು ಜಾಗರೂಕತೆಯಿಂದ ಬರೆದ ಕರಾರಿನಲ್ಲಿ ಒಂದು ವಿವರ ಇಲ್ಲ. ಮೆಮೊರಿ ಮರಳಿಸುವಾಗ ಡ್ರೈವರ್ ವಿಳಾಸವನ್ನಷ್ಟೇ ಕೊಡುತ್ತದೆ, ಗಾತ್ರವನ್ನು ಹೇಳುವುದಿಲ್ಲ. ಹಿಗ್ಗಿಸುವಾಗಲೂ ಹೊಸ ಗಾತ್ರ ಹೇಳುತ್ತದೆ, ಹಳೆಯದನ್ನು ಹೇಳುವುದಿಲ್ಲ. ಆದರೆ ಹಿಗ್ಗಿಸುವುದೆಂದರೆ ಬಹುಪಾಲು ಸಂದರ್ಭಗಳಲ್ಲಿ ಬೇರೆ ಕಡೆ ದೊಡ್ಡ ಜಾಗ ಹಿಡಿದು, ಹಳೆಯದನ್ನು ಅಲ್ಲಿಗೆ ನಕಲು ಮಾಡುವುದು. ಎಷ್ಟು ಬೈಟ್ ನಕಲು ಮಾಡಬೇಕೆಂದು ಗೊತ್ತಿಲ್ಲದೆ ಮಾಡುವುದೆಂತು? ಸಿ ಭಾಷೆಯ ಮಾನಕ ಸಂಗ್ರಹದಲ್ಲಿ ಅಲೈನ್‌ಮೆಂಟ್ ಕಾಯ್ದುಕೊಂಡು ಹಿಗ್ಗಿಸುವ ಸಿದ್ಧ ಫಂಕ್ಷನ್ ಕೂಡ ಇಲ್ಲ. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಸಂಗ್ರಹದಲ್ಲಿ ಅಂಥದ್ದೊಂದನ್ನು ಕೊಟ್ಟಿದೆ, ಲಿನಕ್ಸ್ ಬಳಸುವವರಿಗೆ ಅದಿಲ್ಲ.

ಆದ್ದರಿಂದ ಅಲೊಕೇಟರ್ ಬರೆಯುವವರು ಪ್ರತಿ ತುಣುಕಿನ ಮುಂದೆ ಒಂದು ಚೀಟಿ ಅಂಟಿಸಬೇಕಾಗುತ್ತದೆ. ಉದಾಹರಣೆ ನೋಡಿ. ಡ್ರೈವರ್ 100 ಬೈಟ್ ಕೇಳಿದೆ, ವಿಳಾಸ 64ರ ಗುಣಕವಾಗಿರಬೇಕು ಎಂದಿದೆ. ಚೀಟಿಗೆ 16 ಬೈಟ್, ವಿಳಾಸ ಹೊಂದಿಸಲು ಗರಿಷ್ಠ 63 ಬೈಟ್ ಸೇರಿಸಿ ಒಟ್ಟು 179 ಬೈಟ್ ಕೇಳುತ್ತೇವೆ. ದೊರೆತ ವಿಳಾಸ 1040 ಎಂದುಕೊಳ್ಳಿ. ಚೀಟಿಗೆ 16 ಬಿಟ್ಟರೆ 1056. ಅದರ ನಂತರ ಬರುವ 64ರ ಗುಣಕ 1088. ಡ್ರೈವರ್‌ಗೆ ಕೊಡುವುದು ಈ 1088ನ್ನು. ಅದಕ್ಕೆ ತಾಗಿದಂತೆ ಹಿಂದಿರುವ 1072ರಿಂದ 1087ರವರೆಗಿನ ಜಾಗದಲ್ಲಿ 'ನಿಜವಾದ ಆರಂಭ 1040, ಗಾತ್ರ 100' ಎಂದು ಬರೆದಿಡುತ್ತೇವೆ. ಮುಂದೆ 1088 ಮರಳಿ ಬಂದಾಗ 16 ಹೆಜ್ಜೆ ಹಿಂದೆ ಹೋಗಿ ಚೀಟಿ ಓದಿದರೆ ಲೆಕ್ಕ ಸಿಕ್ಕಿತು. ನೂರು ಬೈಟ್ ಕೇಳಿದ್ದಕ್ಕೆ 179 ಹಿಡಿದಿಡಬೇಕಾಯಿತು ಎಂಬುದನ್ನು ಗಮನಿಸಿ. ಸಣ್ಣ ತುಣುಕುಗಳು ಸಾವಿರಗಟ್ಟಲೆ ಇದ್ದಾಗ ಈ ಚೀಟಿಗಳದ್ದೇ ಒಂದು ಹೊರೆ.

ಗಾತ್ರವನ್ನು ಬಿಟ್ಟದ್ದು ಹಳೆಯ 'ಫ್ರೀ' ಪದ್ಧತಿಯ ಪಡಿಯಚ್ಚು. ಆ ಪದ್ಧತಿಯ ಕೊರತೆಯನ್ನು ಭಾಷೆಗಳೇ ನಂತರ ಒಪ್ಪಿಕೊಂಡಿವೆ. ಸಿ++ ಭಾಷೆಯ 2014ರ ಮಾನಕ ಗಾತ್ರವನ್ನೂ ತಿಳಿಸಿ ಮರಳಿಸುವ ವಿಧಾನವನ್ನು ಸೇರಿಸಿತು, ಸಿ ಭಾಷೆಯ ಸಿ23 ಮಾನಕದಲ್ಲಿಯೂ ಅಂಥ ಫಂಕ್ಷನ್‌ಗಳು ಬಂದಿವೆ. ವಲ್ಕನ್‌ನ ಕರಾರು ಮಾತ್ರ 2016ರಲ್ಲಿ ಹೇಗಿತ್ತೋ ಹಾಗೆಯೇ ಇದೆ. ಒಂದು ವಿವರ ಹೆಚ್ಚಿಸಿದರೂ ಈಗಾಗಲೇ ಬರೆದಿರುವ ಎಲ್ಲ ಅನ್ವಯಗಳೂ ಡ್ರೈವರ್‌ಗಳೂ ಪರಸ್ಪರ ಹೊಂದದೆ ಹೋಗುತ್ತವೆ.

ಥ್ರೆಡ್‌ಗಳ ವಿಷಯದಲ್ಲಿ ಕರಾರು ಸ್ಪಷ್ಟವಾಗಿದೆ. ಡ್ರೈವರ್ ಈ ಫಂಕ್ಷನ್‌ಗಳನ್ನು ಕರೆಯುವಾಗ ತಾನು ಸರದಿ ಏರ್ಪಡಿಸುವುದಿಲ್ಲ. ಬೇಕಿದ್ದರೆ ಅನ್ವಯವೇ ಬೀಗ ಹಾಕಿಕೊಳ್ಳಬೇಕು. ಅದಕ್ಕೆ ಬದಲಾಗಿ ಒಂದು ಭರವಸೆ ಕೊಡುತ್ತದೆ: ಯಾವ ಥ್ರೆಡ್ ವಲ್ಕನ್ ಆದೇಶವನ್ನು ಕೊಟ್ಟಿತೋ ಅದೇ ಥ್ರೆಡ್‌ನಲ್ಲಿ, ಆ ಆದೇಶ ನಡೆಯುತ್ತಿರುವಾಗ ಮಾತ್ರ ಮೆಮೊರಿ ಕೇಳುತ್ತೇನೆ. ಹೀಗಾಗಿ ಪ್ರತಿ ಥ್ರೆಡ್‌ಗೂ ಒಂದೊಂದು ಪ್ರತ್ಯೇಕ ಉಗ್ರಾಣ ಇಟ್ಟರೆ ಸರದಿಯ ಕಾಯುವಿಕೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಇದರ ಇನ್ನೊಂದು ಮುಖವೂ ಇದೆ. ಡ್ರೈವರ್ ತನ್ನ ಹಿನ್ನೆಲೆಯ ಥ್ರೆಡ್‌ಗಳಲ್ಲಿ ಕೆಲಸ ಮಾಡುವಾಗ ಅನ್ವಯದ ಉಗ್ರಾಣವನ್ನು ಮುಟ್ಟುವಂತಿಲ್ಲ, ಬೇರೆ ಕಡೆಯಿಂದಲೇ ತಂದುಕೊಳ್ಳಬೇಕು.

ಬಳಸುವವರು ಯಾರು?

ಪ್ರಾಮಾಣಿಕವಾಗಿ ಹೇಳುವುದಾದರೆ, ವಲ್ಕನ್ ಕಲಿಸುವ ಪಾಠಗಳಲ್ಲಿ ಹೆಚ್ಚಿನವು ಈ ಸ್ಥಾನದಲ್ಲಿ 'ಶೂನ್ಯ' ಎಂದು ಬರೆದು ಮುಂದೆ ಹೋಗುತ್ತವೆ. ಶೂನ್ಯ ಕೊಟ್ಟರೆ ಡ್ರೈವರ್ ತನ್ನದೇ ಅಲೊಕೇಟರನ್ನು ಬಳಸುತ್ತದೆ. ಬಹುತೇಕರಿಗೆ ಅಷ್ಟು ಸಾಕು ಎಂಬುದೇ ಈ ವರದಿಗಾರನ ಅಭಿಪ್ರಾಯವೂ ಹೌದು. ಇಂದಿನ ಮ್ಯಾಲಕ್‌ಗಳು ಮೊದಲಿನಷ್ಟು ನಿಧಾನವಲ್ಲ. ವೇಗಕ್ಕಿಂತ ಹೆಚ್ಚಾಗಿ ಈ ಏರ್ಪಾಡು ಉಪಯೋಗಕ್ಕೆ ಬರುವುದು ಲೆಕ್ಕ ಇಡಲು: ಯಾವ ವಸ್ತು ಎಷ್ಟು ಮೆಮೊರಿ ನುಂಗಿತು, ಯಾವುದು ಮರಳಿ ಬರಲೇ ಇಲ್ಲ ಎಂಬುದನ್ನು ಪತ್ತೆ ಹಚ್ಚಲು. ಬಜೆಟ್ ಹಾಕಿ ಬದುಕುವ ಕನ್ಸೋಲ್ ಪರಂಪರೆಯವರಿಗೆ ಇದೇ ದೊಡ್ಡ ಲಾಭ.

ಆ ಲೆಕ್ಕವೂ ಪೂರ್ಣವಲ್ಲ. ಲಿನಕ್ಸ್‌ನಲ್ಲಿ ಮುಕ್ತ ತಂತ್ರಾಂಶವಾಗಿ ದೊರೆಯುವ ಮೆಸಾ ಡ್ರೈವರ್‌ಗಳ ಮೂಲ ಸಂಕೇತವನ್ನು ಯಾರೂ ತೆರೆದು ಓದಬಹುದು. ವಲ್ಕನ್ ವಸ್ತುಗಳಿಗಾಗಿ ಮೆಸಾ ಮೊದಲು ಅನ್ವಯ ಆ ವಸ್ತುವಿಗೆಂದೇ ಕೊಟ್ಟ ಅಲೊಕೇಟರನ್ನು ನೋಡುತ್ತದೆ, ಅದು ಇಲ್ಲದಿದ್ದರೆ ಅದರ ಮೇಲಿನ ಸಾಧನದ್ದನ್ನು ಬಳಸುತ್ತದೆ. ಆದರೆ ಬಣ್ಣ, ಬೆಳಕುಗಳ ಲೆಕ್ಕ ಹಾಕುವ ಶೇಡರ್ ಎಂಬ ಕಿರುಪ್ರೋಗ್ರಾಮ್‌ಗಳನ್ನು ಪರಿವರ್ತಿಸುವ ಅದರ ಕಂಪೈಲರ್ ತನ್ನದೇ ಪ್ರತ್ಯೇಕ ಏರ್ಪಾಡನ್ನು ಬಳಸಿ ಕೊನೆಗೆ ಮ್ಯಾಲಕ್‌ಗೇ ಹೋಗುತ್ತದೆ. ಹಲವು ಡ್ರೈವರ್‌ಗಳ ನಡುವೆ ಹಂಚಿಕೊಂಡಿರುವ ಆ ಕಂಪೈಲರ್‌ನ ಮೂಲೆ ಮೂಲೆಗೂ ಅನ್ವಯದ ಪಾಯಿಂಟರನ್ನು ಹೊತ್ತೊಯ್ಯುವುದು ಸುಲಭದ ಮಾತಲ್ಲ.

ಚಿಪ್‌ನ ಬದಿಯ ಮೆಮೊರಿ

ಈಗ ಸಾಧನದ ಮೆಮೊರಿಯ ಕಡೆಗೆ ಬರೋಣ. ಇಲ್ಲಿ ಕರಾರಿನ ದಿಕ್ಕು ತಿರುಗುಮುರುಗಾಗುತ್ತದೆ. ಡ್ರೈವರ್ ಕೇಳುವುದಿಲ್ಲ, ಅನ್ವಯ ಕೇಳುತ್ತದೆ. ಪ್ರತಿ ಕೋರಿಕೆ ಕಾರ್ಯಾಚರಣಾ ವ್ಯವಸ್ಥೆಯ ತಳದವರೆಗೆ ಹೋಗಿ ಬರಬೇಕಾಗುವುದರಿಂದ ದುಬಾರಿ. ಏಕಕಾಲಕ್ಕೆ ಕನಿಷ್ಠ 4096 ಕೋರಿಕೆಗಳಿಗಾದರೂ ಅವಕಾಶವಿರಬೇಕು ಎಂದಷ್ಟೇ ವಲ್ಕನ್ ಮಾನಕ ಖಾತರಿ ಕೊಡುತ್ತದೆ. ದೊಡ್ಡ ಆಟವೊಂದರ ಚಿತ್ರ, ಆಕೃತಿಗಳ ಸಂಖ್ಯೆ ಅದನ್ನು ಸುಲಭವಾಗಿ ಮೀರಬಲ್ಲದು. ಆದ್ದರಿಂದ ಒಂದೇ ಸಲಕ್ಕೆ ದೊಡ್ಡ ಗಡ್ಡೆಯನ್ನು ಪಡೆದು, ಅದರೊಳಗೆ ತಾವೇ ಪಾಲು ಮಾಡಿಕೊಳ್ಳುವುದು ಅನ್ವಯ ಬರೆಯುವವರಿಗೆ ಅನಿವಾರ್ಯ. ಪಾಲು ಮಾಡುವಾಗಲೂ ನಿಯಮಗಳಿವೆ. ಕೆಲವು ಚಿಪ್‌ಗಳಲ್ಲಿ ಸಾಲು ದತ್ತಾಂಶ ಮತ್ತು ಚಿತ್ರಗಳು ಅಕ್ಕಪಕ್ಕ ಬಂದರೆ ಅವುಗಳ ನಡುವೆ ನಿಗದಿತ ಅಂತರ ಕಾಯಬೇಕು. ಮಾನಕದ ಪ್ರಕಾರ ಆ ಅಂತರ 1,31,072 ಬೈಟ್‌ಗಳವರೆಗೆ ಇರಬಹುದು.

ಇದನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯುವ ಕಷ್ಟ ತಪ್ಪಿಸಲು ಎಎಂಡಿ 2017ರಲ್ಲಿ ವಲ್ಕನ್ ಮೆಮೊರಿ ಅಲೊಕೇಟರ್ ಎಂಬ ಮುಕ್ತ ಸಂಗ್ರಹವನ್ನು ಬಿಡುಗಡೆ ಮಾಡಿತು. ಹೆಚ್ಚು ಮೆಮೊರಿ ಇರುವಲ್ಲಿ ಅದು ಸಾಮಾನ್ಯವಾಗಿ 256 ಎಂಬಿ ಗಾತ್ರದ ಗಡ್ಡೆಗಳನ್ನು ಹಿಡಿಯುತ್ತದೆ. 2022ರ 3.0 ಆವೃತ್ತಿಯಿಂದ ಅದು ಪಾಲು ಹಂಚಲು ಬಳಸುತ್ತಿರುವುದು ಟಿಎಲ್‌ಎಸ್‌ಎಫ್ ಎಂಬ ವಿಧಾನವನ್ನು. ಸ್ಪೇನ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಈ ವಿಧಾನ ಮೂಲತಃ ಕಾಲಮಿತಿ ಮೀರಲೇಬಾರದ ನಿಯಂತ್ರಣ ವ್ಯವಸ್ಥೆಗಳಿಗಾಗಿ ಹುಟ್ಟಿದ್ದು. ಎಷ್ಟೇ ತುಣುಕುಗಳಿರಲಿ, ಜಾಗ ಹುಡುಕಲು ಹಿಡಿಯುವ ಸಮಯಕ್ಕೆ ಅದರಲ್ಲಿ ಒಂದು ಸ್ಥಿರ ಮಿತಿಯಿದೆ. ಬ್ಲೆಂಡರ್, ಗೊಡೊ ಮೊದಲಾದ ಜನಪ್ರಿಯ ತಂತ್ರಾಂಶಗಳು ಎಎಂಡಿಯ ಈ ಸಂಗ್ರಹವನ್ನು ಬಳಸುತ್ತಿವೆ.

ಊಹಿಸಬಹುದಾದ ಹೆಸರು

ಕರಾರಿನ ಒಂದು ವಿವರ ಎಷ್ಟು ದೂರ ಕಾಡಬಲ್ಲದು ಎಂಬುದಕ್ಕೆ ಲಿನಕ್ಸ್‌ನ ತಳದ ಪದರದಲ್ಲಿ ನಡೆದ ಪ್ರಕರಣವೊಂದು ಒಳ್ಳೆಯ ನಿದರ್ಶನ. ಸಾಧನದ ಮೆಮೊರಿಯನ್ನು ಹಂಚುವ ವ್ಯವಸ್ಥೆಗಾಗಿ ಅಲ್ಲಿ ಎರಡು ಪ್ರಸ್ತಾವಗಳು ಬಂದಿದ್ದವು. ಟಂಗ್‌ಸ್ಟನ್ ಗ್ರಾಫಿಕ್ಸ್ ಕಂಪನಿಯಲ್ಲಿ ಹುಟ್ಟಿದ ಟಿಟಿಎಂ ಎಲ್ಲ ಬಗೆಯ ಚಿಪ್‌ಗಳನ್ನೂ ಒಳಗೊಳ್ಳಬೇಕೆಂಬ ಹಂಬಲದಿಂದ ವಿಸ್ತಾರವಾಗಿ ಬೆಳೆದಿತ್ತು. ಅದು ಅತಿ ಜಟಿಲ ಎಂದ ಇಂಟೆಲ್ ತಜ್ಞರು 2008ರಲ್ಲಿ ಜೆಮ್ ಎಂಬ ಸರಳ ವ್ಯವಸ್ಥೆಯನ್ನು ಮುಂದಿಟ್ಟರು. ಆಗಿನ ಇಂಟೆಲ್ ಚಿಪ್‌ಗಳು ಗಣಕದ ಮೆಮೊರಿಯನ್ನೇ ಹಂಚಿಕೊಳ್ಳುತ್ತಿದ್ದುದರಿಂದ ಅವರಿಗೆ ಅಷ್ಟು ಸಾಕಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6.28ರಲ್ಲಿ ಜೆಮ್ ಸೇರಿತು. ಮರುವರ್ಷ ಟಿಟಿಎಂ ಕೂಡ ಒಳಬಂದಿತು, ಆದರೆ ಹೊರಗಿನಿಂದ ಕಾಣದ ಒಳಯಂತ್ರವಾಗಿ. ತನ್ನದೇ ಮೆಮೊರಿ ಇರುವ ಕಾರ್ಡುಗಳ ಡ್ರೈವರ್‌ಗಳು ಹೊರಮುಖಕ್ಕೆ ಜೆಮ್ ಮಾದರಿ, ಒಳಗೆ ಟಿಟಿಎಂ ಎಂಬ ರಾಜಿಗೆ ಬಂದವು. ಕುತೂಹಲದ ಸಂಗತಿಯೆಂದರೆ, ಇಂಟೆಲ್ ತಾನೇ ಅಂಥ ಕಾರ್ಡುಗಳನ್ನು ತಯಾರಿಸಲು ಹೊರಟ ಮೇಲೆ ಟಿಟಿಎಂ ಕಡೆಗೇ ಬಂದಿತು. 2024ರ ಲಿನಕ್ಸ್ 6.8ರಲ್ಲಿ ಸೇರಿದ ಅದರ 'ಎಕ್ಸ್‌ಇ' ಡ್ರೈವರ್ ಅದನ್ನೇ ಬಳಸುತ್ತದೆ.

ಜೆಮ್‌ನ ಸರಳತೆಯಲ್ಲಿ ಒಂದು ಮುಳ್ಳಿತ್ತು. ಒಂದು ಪ್ರೋಗ್ರಾಂ ತನ್ನ ಚಿತ್ರದ ಮೆಮೊರಿಯನ್ನು ಇನ್ನೊಂದಕ್ಕೆ, ಉದಾಹರಣೆಗೆ ಪರದೆಯನ್ನು ಜೋಡಿಸುವ ತಂತ್ರಾಂಶಕ್ಕೆ, ತೋರಿಸಬೇಕಾದಾಗ ಅದಕ್ಕೊಂದು 32 ಬಿಟ್ ಸಂಖ್ಯೆಯ 'ಹೆಸರು' ಇಡಲಾಗುತ್ತಿತ್ತು. ಸಂಖ್ಯೆ ಗೊತ್ತಿದ್ದವರು ತೆರೆಯಬಹುದು. ಈ ಸಂಖ್ಯೆಗಳು ಚಿಕ್ಕವು, ಸಾಲಾಗಿ ಬರುವಂಥವು. ಅಂದರೆ ಗ್ರಾಫಿಕ್ಸ್ ಸಾಧನಕ್ಕೆ ಪ್ರವೇಶ ಪಡೆದ ಯಾವುದೇ ಪ್ರೋಗ್ರಾಂ 1, 2, 3 ಎಂದು ಊಹಿಸುತ್ತ ಹೋಗಿ ಬೇರೊಂದರ ಕಿಟಕಿಯಲ್ಲಿ ಏನಿದೆ ಎಂದು ಓದಿಬಿಡಬಹುದಿತ್ತು. ಬ್ಯಾಂಕಿನ ಪುಟವನ್ನೋ ಖಾಸಗಿ ಪತ್ರವನ್ನೋ ತೆರೆದಿಟ್ಟವರಿಗೆ ಇದು ಕೇವಲ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ.

2012ರ ಲಿನಕ್ಸ್ 3.3ರಲ್ಲಿ ಬಂದ ಡಿಎಂಎ-ಬಫ್ ಎಂಬ ಏರ್ಪಾಡು ಇದಕ್ಕೆ ಪರಿಹಾರ ಒದಗಿಸಿತು. ಇದರಲ್ಲಿ ಊಹಿಸಲು ಹೆಸರೇ ಇಲ್ಲ. ಕೊಡುವವರು ಸ್ವತಃ ಹಸ್ತಾಂತರಿಸಿದರೆ ಮಾತ್ರ ಪಡೆಯುವವರಿಗೆ ಮೆಮೊರಿ ಕಾಣುತ್ತದೆ. ನಂತರ ಬಂದ, ಪರದೆಯ ಅಧಿಕಾರವಿಲ್ಲದೆ ಚಿತ್ರ ರಚನೆಗಷ್ಟೇ ಅವಕಾಶ ನೀಡುವ ಪ್ರತ್ಯೇಕ ಪ್ರವೇಶದ್ವಾರಗಳಲ್ಲಿ ಹಳೆಯ ಹೆಸರಿನ ಪದ್ಧತಿಯನ್ನು ನಿಷೇಧಿಸಲಾಗಿದೆ. ಮುಖ್ಯ ದ್ವಾರದಲ್ಲಿ ಮಾತ್ರ ಅದು ಇಂದಿಗೂ ಉಳಿದಿದೆ. ಅದನ್ನೇ ನಂಬಿಕೊಂಡು ಬರೆದ ಹಳೆಯ ಪ್ರೋಗ್ರಾಂಗಳು ಎಲ್ಲಿಯೋ ಓಡುತ್ತಿರಬಹುದು, ಅವನ್ನು ಮುರಿಯುವಂತಿಲ್ಲ ಎಂಬುದು ಲಿನಕ್ಸ್ ಬಳಗದ ಕಟ್ಟುನಿಟ್ಟಿನ ನಿಯಮ.